ಪಾಯಸದ ಲೋಟ, ಉಚ್ಚೆಯ ಲೋಟ

ಬೆಟ್ಟಮ್ಮ ಉಚ್ಚೆ ಹೊಯ್ಯುವಾಗ ನಾನು ಬಾಗಿಲ ಬಳಿ ನಿಂತಿರಬೇಕಿತ್ತು. ಅದು ನನ್ನ ಕೆಲಸ.

ಬಾಗಿಲು ಅರ್ಧ ತೆರೆದಿರುತ್ತಿತ್ತು. ಒಳಗೆ ಟ್ರೇಸಿ ಎಂಬ ಕೋರ್ಟಿನ ಆಫೀಸರು ನೀಲಿ ರಬ್ಬರ್ ಗ್ಲೌಸು ಹಾಕಿಕೊಂಡು, ಚ್ಯೂಯಿಂಗ್ ಗಮ್ ಜಗಿಯುತ್ತಾ ನಿಂತಿರುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಗೋಡೆಯ ಕಡೆ ಮುಖ ಮಾಡಿ ಕನ್ನಡದಲ್ಲಿ ಹೇಳುತ್ತಿದ್ದೆ. ಸೀರೆ ಸೊಂಟದ ತನಕ ಎತ್ತಿ. ಒಂದು ಸುತ್ತು ತಿರುಗಿ. ಕಾಲು ಅಗಲ ಮಾಡಿ. ಲೋಟ ನನಗೆ ಕಾಣುವ ಹಾಗೆ ಹಿಡಿಯಿರಿ.

ಭಾಷಾಂತರ ಮಾಡುವವರು 'ಅವಳು ಹೀಗೆ ಹೇಳಿದಳು' ಎನ್ನುವ ಹಾಗಿಲ್ಲ. ಯಾರು ಮಾತಾಡಿದರೂ ಅವರ ಬಾಯಿಯಾಗಿ 'ನಾನು' ಎಂದೇ ಹೇಳಬೇಕು. ಪ್ರಮಾಣ ಮಾಡಿಸಿದ ದಿನ ನಮಗೆ ಕಲಿಸಿದ ಮೊದಲ ಪಾಠ ಅದು. ಹಾಗಾಗಿ ಐವತ್ತು ವರ್ಷದ ಬೆಟ್ಟಮ್ಮನಿಗೆ ಕಾಲು ಅಗಲ ಮಾಡು ಎಂದವಳು ಟ್ರೇಸಿಯಲ್ಲ. ನಾನು.

ಆ ಕೋಣೆಯ ನಲ್ಲಿಗೆ ಟೇಪು ಸುತ್ತಿದ್ದರು. ನೀರು ಬೆರೆಸಬಾರದು ಎಂದು. ಕಮೋಡಿನ ನೀರಿಗೆ ನೀಲಿ ಬಣ್ಣ ಹಾಕಿದ್ದರು. ಅದನ್ನೂ ಬೆರೆಸಬಾರದು ಎಂದು. ಲೋಟದ ಹೊರಮೈಗೆ ಒಂದು ಪಟ್ಟಿ ಅಂಟಿಸಿರುತ್ತಿತ್ತು. ಉಚ್ಚೆ ಬಿಸಿಯಾಗಿದೆಯೋ ಇಲ್ಲವೋ ಅದು ತೋರಿಸುತ್ತಿತ್ತು. ಇನ್ನೊಬ್ಬರ ಉಚ್ಚೆ ತಂದು ಸುರಿಯಬಾರದು ಎಂದು. ಟ್ರೇಸಿ ಲೋಟವನ್ನು ದೀಪಕ್ಕೆ ಹಿಡಿದು ನೋಡಿ 'ಗುಡ್ ಜಾಬ್' ಎನ್ನುತ್ತಿದ್ದಳು. ಅದನ್ನೂ ನಾನು ಹೇಳಬೇಕಿತ್ತು. 'ಒಳ್ಳೆ ಕೆಲಸ ಮಾಡಿದಿರಿ.'

ಮೊದಲ ದಿನ ಬೆಟ್ಟಮ್ಮ ಸೀರೆ ಇಳಿಸಿಕೊಳ್ಳುತ್ತಾ ಕೇಳಿದಳು. "ಇವ್ಳೂ ಒಬ್ಳ ಮಗಳಲ್ವಾ? ದಿನಾ ಇದೇನಾ ಇವ್ಳ್ ಕೆಲ್ಸ?"

"ಹೌದಂತೆ ಬೆಟ್ಟಮ್ಮ."

"ಪಾಪ, ಅನ್ನ ಎಂಗ್ ಸೇರ್ತದೋ. ನಿಂಗೆ ಎಂಗವ್ವಾ ಸೇರ್ತದೆ?"

ನಾನು ಹಿಲ್ಡಾ. ಮಂಗಳೂರಿನ ಕಡೆಯವಳು. ಹಗಲು ಗೇರುಬೀಜದ ಕಾರ್ಖಾನೆ, ಸಂಜೆ ಈವ್ನಿಂಗ್ ಕಾಲೇಜು ಎಂದು ಓದಿದವಳು. ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಹೆಂಗಸು ದಿನಾ ಸಂಜೆ ನಮ್ಮ ನೆರಿಗೆಯೊಳಗೆ, ರವಿಕೆಯೊಳಗೆ ಕೈ ಹಾಕಿ ಬೀಜ ಹುಡುಕುತ್ತಿದ್ದಳು. ಅವಳ ಬೆರಳಿನಲ್ಲಿ ಗೇರೆಣ್ಣೆಯ ವಾಸನೆ. ಆ ವಾಸನೆಯ ಜೊತೆಗೇ ನಾನು ಹೋಗಿ ಇಂಗ್ಲಿಷ್ ಕ್ಲಾಸಿನಲ್ಲಿ ಕೂರುತ್ತಿದ್ದೆ. ಗಂಡನ ಜೊತೆ ಸಿಯಾಟಲ್ ಕಡೆಗೆ ಬಂದ ಮೇಲೆ ಬೆಲ್ವ್ಯೂದ ಒಂದು ಡೇಕೇರಿನಲ್ಲಿ ಕೆಲಸ ಹಿಡಿದೆ. ಕನ್ನಡ ಭಾಷಾಂತರಕ್ಕೆ ಜನ ಬೇಕು ಎಂದು ಕೋರ್ಟಿನ ಪ್ರಕಟಣೆ ನೋಡಿ ಪರೀಕ್ಷೆ ಬರೆದೆ. ಪಾಸಾದಾಗ ಹೆಮ್ಮೆಯಾಗಿತ್ತು. ಸುಳ್ಳು ಯಾಕೆ ಹೇಳಲಿ. ಸಂಜೆ ಕಾಲೇಜಿನ ಇಂಗ್ಲಿಷಿಗೆ ಅಮೆರಿಕದ ಕೋರ್ಟು ಮುದ್ರೆ ಒತ್ತಿತು ಎಂದು ಊರಿಗೆ ಫೋನ್ ಮಾಡಿ ಹೇಳಿದ್ದೆ.

ಬೆಟ್ಟಮ್ಮ ಮಾಡಿದ ಅಪರಾಧ ಇಷ್ಟು. ಔಷಧದಂಗಡಿಯಲ್ಲಿ ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ಟ್ಯೂಬೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಿದ್ದಳು. ಬಾಗಿಲಲ್ಲೇ ಹಿಡಿದರು. ಅವಳ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಅಡುಗೆ ಮಾಡುವ ಗ್ಯಾರೇಜಿನಲ್ಲಿ ಕುದಿಯುವ ಸಾರಿನ ಪಾತ್ರೆ ಜಾರಿತ್ತು. ಮುಲಾಮು ತಂದುಕೊಡಿ ಎಂದು ಮಾಲೀಕರನ್ನು ಎರಡು ದಿನ ಕೇಳಿದ್ದಳಂತೆ. ಅರಿಶಿನ ಹಚ್ಚು ಎಂದಿದ್ದರಂತೆ.

ಮಾಲೀಕರು ಚಂದ್ರಮೌಳಿ. ಬೆಲ್ವ್ಯೂದಲ್ಲಿ ದೊಡ್ಡ ಮನೆ. ಮುಂಜಿ, ಗೃಹಪ್ರವೇಶ, ತಿಥಿ, ಸತ್ಯನಾರಾಯಣ ಪೂಜೆಗಳಿಗೆ ಮಡಿ ಅಡುಗೆ ಮಾಡಿ ಒದಗಿಸುವವರು. ಮರ್ಸರ್ ಐಲ್ಯಾಂಡಿನಿಂದ ಸ್ನೊಕ್ವಾಲ್ಮಿಯವರೆಗೆ ಅವರಿಗೆ ಗಿರಾಕಿಗಳಿದ್ದರು. 'ಬ್ರಾಹ್ಮಣ ಪಾಚಕರಿಂದ ಶಾಸ್ತ್ರೋಕ್ತವಾಗಿ ತಯಾರಿಸಿದ್ದು' ಎಂದು ಅವರ ಹಸಿರು ಚೀಟಿಯಲ್ಲಿ ಅಚ್ಚಾಗಿತ್ತು. ಅಡುಗೆ ಮಾಡುತ್ತಿದ್ದವಳು ಚಾಮರಾಜನಗರ ಕಡೆಯ ಹೊಲಗೇರಿಯಲ್ಲಿ ಹುಟ್ಟಿದ ಬೆಟ್ಟಮ್ಮ. ಚಂದ್ರಮೌಳಿ ಪಂಚೆ ಉಟ್ಟು, ಹೆಗಲ ಮೇಲೆ ಶಲ್ಯ ಹಾಕಿ ಬಡಿಸುತ್ತಿದ್ದರು. ಬೆಟ್ಟಮ್ಮ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಒಳಗೆ ಇರುತ್ತಿದ್ದಳು. ಯಾರೂ ನೋಡುವ ಹಾಗಿರಲಿಲ್ಲ.

ಬೆಟ್ಟಮ್ಮನ ಗಂಡ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಹೋಟೆಲಿನವರೇ ಗ್ರೀನ್ ಕಾರ್ಡು ಮಾಡಿಸಿದ್ದರು. ಅವನು ಹೆಂಡತಿಯನ್ನು ಕರೆಸಿಕೊಂಡ, ಮೂರು ವರ್ಷ ಕುಡಿದ, ಹಳದಿಯಾಗಿ ಸತ್ತ. ಅವನ ವಾಂತಿ ಬಳಿದ ಬೆಟ್ಟಮ್ಮನಿಗೆ ಮದ್ಯದ ಬಾಟಲಿ ಕಂಡರೆ ಹೇಸಿಗೆ. ಮದ್ಯ ಹಾಕಿರುತ್ತಾರೆಂದು ಕೆಮ್ಮಿನ ಔಷಧವನ್ನೂ ಕುಡಿಯುತ್ತಿರಲಿಲ್ಲ. ಮಗಳೊಬ್ಬಳು ಊರಿನಲ್ಲಿದ್ದಳು. ಬೆಟ್ಟಮ್ಮ ಇಲ್ಲಿಯ ಸಿಟಿಜನ್ ಆಗಿ ಮಗಳನ್ನು ಕರೆಸಿಕೊಳ್ಳಬೇಕು ಎಂದು ಕಾಯುತ್ತಿದ್ದಳು. ಕಳ್ಳತನದ ಶಿಕ್ಷೆ ಹೆಸರಿಗೆ ಅಂಟಿದರೆ ಅದಕ್ಕೆ ಕುತ್ತು. ಆದ್ದರಿಂದಲೇ ಕೋರ್ಟು ಕೊಟ್ಟ ವಕೀಲರು ಈ ದಾರಿ ತೋರಿಸಿದರು. ಆರು ತಿಂಗಳು ಒಂದು ಕಾರ್ಯಕ್ರಮಕ್ಕೆ ಸೇರಬೇಕು. ಅದರ ನಿಯಮ ಪಾಲಿಸಿದರೆ ಕೇಸು ಅಳಿಸಿಹೋಗುತ್ತದೆ. ತಪ್ಪಿದರೆ ಕೇಸು ಮತ್ತೆ ಏಳುತ್ತದೆ.

ನಿಯಮ ಏನೆಂದರೆ ಕುಡಿಯಬಾರದು, ಮತ್ತಿನ ಪದಾರ್ಥ ಮುಟ್ಟಬಾರದು, ಕರೆದಾಗ ಬಂದು ಉಚ್ಚೆ ಕೊಡಬೇಕು. ಮುಲಾಮಿಗೂ ಮದ್ಯಕ್ಕೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಕುಡಿದು ಗಾಡಿ ಓಡಿಸಿದವನಿಗೂ, ಮುಲಾಮು ಕದ್ದವಳಿಗೂ ಒಂದೇ ನಿಯಮದ ಪುಸ್ತಕ. ನಾನೂ ಕೇಳಲಿಲ್ಲ. ಕೇಳುವುದು ನನ್ನ ಕೆಲಸ ಅಲ್ಲ ಅಂದುಕೊಂಡೆ.

ಸೇರಿಸಿಕೊಳ್ಳುವ ದಿನ ನಾನು ಎರಡು ತಪ್ಪು ಮಾಡಿದೆ.

ಮೊದಲನೆಯದು ಫಾರಂ ತುಂಬಿದ್ದು. ಉದ್ಯೋಗ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. ಬೆಟ್ಟಮ್ಮ ತಡವರಿಸಿದಳು. "ಪಾತ್ರೆ ತೊಳಿಯೋಳು ಅಂತ ಏಳ್ಬೇಕಂತೆ. ಅಯ್ನೋರು ಏಳವ್ರೆ." ಅವಳ ಮೈಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಬೆರಳ ತುದಿಯಲ್ಲಿ ಅರಿಶಿನ ಇತ್ತು. ನಾನು ಪಾತ್ರೆ ತೊಳೆಯುವವಳು ಎಂದು ಬರೆದೆ.

ಎರಡನೆಯದು ನಿಯಮದ ಪುಸ್ತಕದ ನಾಲ್ಕನೇ ಪುಟ. ಬಾಯಿಗೆ ಹಾಕಬಾರದವುಗಳ ಪಟ್ಟಿ. ಬಾಯಿ ಮುಕ್ಕಳಿಸುವ ಔಷಧ, ಕೆಮ್ಮಿನ ಸಿರಪ್ಪು. ಕೊನೆಗೆ 'ಪಾಪಿ ಸೀಡ್' ಹಾಕಿದ ಬನ್ನು. ಟ್ರೇಸಿ ಅದರ ಚಿತ್ರ ತೋರಿಸಿದಳು. ದುಂಡಗಿನ ಬನ್ನಿನ ಮೇಲೆ ಕರಿಕರಿ ಕಾಳು. ಡೇಕೇರಿನಲ್ಲಿ ಅಂಥ ಬನ್ನು ನೋಡಿದ್ದೆ. ಆ ಕಾಳು ಯಾವುದು ಎಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಟ್ರೇಸಿಯ ಎದುರು ಹೇಳಲು ನಾಚಿಕೆಯಾಯಿತು.

"ಕಪ್ಪು ಕಾಳು ಹಾಕಿದ ಬನ್ನು ಉಂಟಲ್ಲ, ಅದನ್ನು ತಿನ್ನಬಾರದು" ಎಂದೆ.

"ಈ ದೇಸದ್ ಬನ್ನು ಯಾರ್ ತಿಂದಾರು ಬುಡು" ಎಂದಳು ಬೆಟ್ಟಮ್ಮ. ಸಹಿ ಹಾಕಿದಳು.

ಪ್ರತಿಯೊಬ್ಬರಿಗೂ ಒಂದು ಬಣ್ಣ ಕೊಡುತ್ತಿದ್ದರು. ಬೆಳಿಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು. ಅಲ್ಲಿ ರೆಕಾರ್ಡ್ ಆದ ದನಿ ಆ ದಿನದ ಬಣ್ಣ ಹೇಳುತ್ತದೆ. ನಮ್ಮ ಬಣ್ಣ ಬಂದರೆ ಅದೇ ದಿನ ಹೋಗಿ ಲೋಟ ತುಂಬಬೇಕು. ಬೆಟ್ಟಮ್ಮನಿಗೆ ಬಂದದ್ದು ಸಿಲ್ವರ್. ಅದೊಂದು ಇಂಗ್ಲಿಷ್ ಪದ ಅವಳು ಬಾಯಿಪಾಠ ಮಾಡಿಕೊಂಡಳು.

"ಕಾಲಲ್ಲಿದ್ ಬೆಳ್ಳಿ ಗಂಡನ್ ಜೊತೇಲಿ ಓಯ್ತು. ಈಗ ಉಚ್ಚೆಗ್ ಬೆಳ್ಳಿ ಕೊಟ್ಟವ್ರೆ ನೋಡು" ಎಂದು ನಕ್ಕಳು. ಬಸ್ಸಿನಲ್ಲಿ ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ನಾನು ನಗಲಿಲ್ಲ. ನನಗೆ ಯಾವಾಗಲೂ ಯಾರಾದರೂ ನೋಡುತ್ತಾರೆ ಎಂಬ ಭಯ.

ನಾಲ್ಕು ತಿಂಗಳು ಎಲ್ಲ ಸರಿಯಾಗಿ ನಡೆಯಿತು. ಹದಿಮೂರು ಸಲ ಸಿಲ್ವರ್ ಬಂತು. ಹದಿಮೂರು ಸಲ ಎರಡು ಬಸ್ಸು ಹತ್ತಿ ಬಂದಳು. ಹದಿಮೂರು ಸಲ ನಾನು 'ಒಳ್ಳೆ ಕೆಲಸ ಮಾಡಿದಿರಿ' ಎಂದೆ.

ಮೇ ತಿಂಗಳಲ್ಲಿ ಸುರೇಶ್ ಎಂಬವರ ಮನೆಯ ಮುಂಜಿ. ಅವರ ಮಗಳು ನಮ್ಮ ಡೇಕೇರಿಗೆ ಬರುತ್ತಿದ್ದಳು. ನನ್ನನ್ನೂ ಕರೆದಿದ್ದರು. ಬಾಡಿಗೆಯ ಸಭಾಂಗಣ, ನೂರೆಂಬತ್ತು ಜನ. ಚಂದ್ರಮೌಳಿಯವರದೇ ಅಡುಗೆ. ಕೊನೆಯಲ್ಲಿ ಸಣ್ಣ ಸ್ಟೀಲ್ ಲೋಟದಲ್ಲಿ ಗಸಗಸೆ ಪಾಯಸ ಬಂತು. ದಪ್ಪಗೆ, ಬಿಳಿಯಾಗಿ, ಏಲಕ್ಕಿ ಘಮಘಮ ಎನ್ನುತ್ತಿತ್ತು. ನಾನು ಎರಡು ಲೋಟ ಕುಡಿದೆ.

"ಪಾಯಸ ಭಾರೀ ಲಾಯ್ಕಾಗಿದೆ" ಎಂದೆ.

"ನಮ್ಮಜ್ಜಿ ಕೈ ಅಳತೆ ಹಿಲ್ಡಾ ಅವ್ರೇ" ಎಂದರು ಚಂದ್ರಮೌಳಿ. "ಮಿಕ್ಸಿ ಮುಟ್ಟಿಸಲ್ಲ. ಕಲ್ಲಲ್ಲೇ ರುಬ್ಬೋದು."

ಕಲ್ಲಿನಲ್ಲಿ ರುಬ್ಬಿದವಳು ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದಳು. ಅದು ನನಗೆ ಗೊತ್ತಿತ್ತು. ನಾನು ಅತ್ತ ಹೋಗಲಿಲ್ಲ. ಹೋಗಿ ಮಾತಾಡಿಸಿದರೆ ಹೇಗೆ ಪರಿಚಯ ಎಂದು ಕೇಳುತ್ತಾರೆ, ಕೋರ್ಟಿನ ಗುಟ್ಟು ಹೊರಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ನೆಪವೂ ಹೌದು.

ನೈವೇದ್ಯಕ್ಕೆ ಮುಂಚೆ ಬೆಟ್ಟಮ್ಮ ಏನನ್ನೂ ಬಾಯಿಗೆ ಹಾಕುವ ಹಾಗಿರಲಿಲ್ಲ. ಉಪ್ಪು ನೋಡುವಂತೆಯೂ ಇಲ್ಲ. ಬೆಳಗಿನಿಂದ ನಿಂತೇ ಇದ್ದವಳಿಗೆ ಎಲ್ಲರ ಊಟ ಮುಗಿದ ಮೇಲೆ ಚಂದ್ರಮೌಳಿ ತಳದಲ್ಲಿ ಉಳಿದ ಪಾಯಸ ಕೊಟ್ಟರು. ಅನ್ನ ಖಾಲಿಯಾಗಿತ್ತು. ಅವಳು ದೊಡ್ಡ ಲೋಟದಲ್ಲಿ ಮೂರು ಲೋಟ ಕುಡಿದು, ಬಸ್ಸಿನಲ್ಲೇ ತೂಕಡಿಸುತ್ತಾ ರೂಮಿಗೆ ಹೋಗಿ ಮಲಗಿದಳು.

ಮರುದಿನ ಬೆಳಿಗ್ಗೆ ಸಿಲ್ವರ್ ಬಂತು.

ನಾಲ್ಕು ದಿನದ ನಂತರ ಟ್ರೇಸಿ ಕರೆಸಿದಳು. ಮೇಜಿನ ಮೇಲೆ ಪ್ರಯೋಗಾಲಯದ ಚೀಟಿ ಇತ್ತು. ಬೆಟ್ಟಮ್ಮನ ಉಚ್ಚೆಯಲ್ಲಿ ಅಫೀಮಿನ ಅಂಶ ಸಿಕ್ಕಿತ್ತು.

"ಅಂಗಂದ್ರೆ?"

"ನೀವು ಅಫೀಮಿನ ಜಾತಿಯದ್ದು ಏನೋ ತೆಗೊಂಡಿದ್ದೀರಿ ಅಂತ."

ಬೆಟ್ಟಮ್ಮ ನನ್ನ ಮುಖ ನೋಡಿದಳು, ಟ್ರೇಸಿಯ ಮುಖ ನೋಡಿದಳು. "ಬ್ಯಾರೆಯವ್ರ್ ಲೋಟ ಇರ್ಬೇಕು ಕನವ್ವ. ಏಳು ಅವ್ಳಿಗೆ."

ಹೇಳಿದೆ. ಟ್ರೇಸಿ ತಲೆಯಾಡಿಸಿದಳು. ಅವಳಿಗೆ ಸಿಟ್ಟೇ ಇರಲಿಲ್ಲ. ಅದೇ ನನಗೆ ಹೇಸಿಗೆ ತಂದದ್ದು. ಎಲ್ಲರೂ ಮೊದಲು ಹೀಗೇ ಹೇಳುತ್ತಾರೆ, ಒಪ್ಪಿಕೊಳ್ಳದಿರುವುದೂ ಕಾಯಿಲೆಯ ಒಂದು ಲಕ್ಷಣ ಎಂದಳು. ಒಂದು ಕಾಗದ ಮುಂದಿಟ್ಟಳು. 'ನಾನು ಮತ್ತಿನ ಪದಾರ್ಥ ಬಳಸಿದ್ದೇನೆ. ನನಗೆ ಚಟವಿದೆ. ನನಗೆ ಸಹಾಯ ಬೇಕು.' ಇದಕ್ಕೆ ಸಹಿ ಹಾಕಿದರೆ ಮೂರು ತಿಂಗಳು ಚಿಕಿತ್ಸೆ, ಮತ್ತೆ ಮೊದಲಿನಿಂದ ಆರು ತಿಂಗಳು ಲೋಟ. ಹಾಕದಿದ್ದರೆ ಎರಡು ವಾರದಲ್ಲಿ ಜಡ್ಜ್ ಮುಂದೆ ಹಾಜರಾಗಬೇಕು.

ನಾನು ಕಾಗದವನ್ನು ಓದಿದೆ. 'ನನಗೆ ಚಟವಿದೆ' ಎಂದು ನನ್ನ ಬಾಯಿಂದ ಬಂತು.

"ನನ್ ಗಂಡ ಕುಡ್ದು ಕುಡ್ದು ಸಾಯೋವಾಗ ಇವ್ರೆಲ್ಲ ಎಲ್ಲಿದ್ರು?" ಎಂದಳು ಬೆಟ್ಟಮ್ಮ. "ಆಗ ಒಬ್ರೂ ಲೋಟ ಇಡ್ಕಂಡ್ ಬರ್ನಿಲ್ವಲ್ಲ."

ಟ್ರೇಸಿ ಅದನ್ನು ಬರೆದುಕೊಂಡಳು. ಕುಟುಂಬದಲ್ಲಿ ಕುಡಿತದ ಇತಿಹಾಸ ಇದೆ ಎಂದು.

ಮನೆಗೆ ಬಂದವಳೇ ಊರಿಂದ ತಂದ ಹಳೆಯ ನಿಘಂಟು ತೆಗೆದೆ. ಏನು ಹುಡುಕುತ್ತಿದ್ದೇನೆ ಎಂದು ನನಗೇ ಸ್ಪಷ್ಟವಿರಲಿಲ್ಲ. ನಾಲ್ಕನೇ ಪುಟದ ಒಂದೊಂದೇ ಪದ ನೋಡುತ್ತಾ ಹೋದೆ. ಪಾಪಿ ಎಂಬಲ್ಲಿಗೆ ಬಂದೆ. 'ಗಸಗಸೆ ಗಿಡ; ಅಫೀಮಿನ ಗಿಡ' ಎಂದಿತ್ತು.

ಇಲ್ಲಿಯ ಗಸಗಸೆ ಕಪ್ಪು. ನಮ್ಮದು ಬಿಳಿ. ಅಷ್ಟೇ ವ್ಯತ್ಯಾಸ. ಗಸಗಸೆ ಪಾಯಸ ಕುಡಿದರೆ ನಿದ್ದೆ ಬರುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಾಗಿದ್ದೂ ಆ ಕಾಳನ್ನೂ ಈ ಕಾಳನ್ನೂ ನನ್ನ ತಲೆ ಜೋಡಿಸಲಿಲ್ಲ. ಸೇರಿಸಿಕೊಂಡ ದಿನವೇ ಈ ನಿಘಂಟು ತೆರೆದಿದ್ದರೆ ಒಂದು ನಿಮಿಷದ ಕೆಲಸ. ನಾನು ತೆರೆಯಲಿಲ್ಲ.

ಮರುದಿನ ಟ್ರೇಸಿಗೆ ಹೇಳಿದೆ. ಅವಳು ಯೋಚಿಸಿದಳು. ದೇಹದೊಳಗೆ ಹೋಗುವುದಕ್ಕೆಲ್ಲ ಆಕೆಯೇ ಹೊಣೆ, ಪುಸ್ತಕದಲ್ಲಿ ಹಾಗೆಯೇ ಇದೆ ಎಂದಳು. ಆದರೂ ಕೆಲಸ ಕೊಟ್ಟವರು ಒಂದು ಪತ್ರ ಬರೆದುಕೊಡಲಿ. ಇಂಥ ದಿನ, ಇಂಥ ಅಡುಗೆಯನ್ನು ಈಕೆ ಮಾಡಿದಳು, ಅದನ್ನು ತಿಂದಳು ಎಂದು. ಜಡ್ಜ್ ನೋಡಬಹುದು. ಎಚ್ಚರಿಕೆ ಕೊಟ್ಟು ಬಿಡಬಹುದು.

ಒಂದು ಪತ್ರ. ನಾಲ್ಕು ಸಾಲು. ನನಗೆ ಜೀವ ಬಂತು. ಬೆಟ್ಟಮ್ಮನ ಒಪ್ಪಿಗೆ ಕೇಳಿಕೊಂಡು ಅದೇ ಸಂಜೆ ಚಂದ್ರಮೌಳಿಯವರ ಮನೆಗೆ ಹೋದೆ. ಭಾಷಾಂತರ ಮಾಡುವವಳು ಹೀಗೆ ಓಡಾಡಬಾರದು. ನನ್ನ ತಪ್ಪನ್ನು ಮುಚ್ಚಿಕೊಳ್ಳಲು ಓಡಾಡುತ್ತಿದ್ದೇನೋ, ಅವಳಿಗಾಗಿಯೋ ಎಂದು ದಾರಿಯುದ್ದಕ್ಕೂ ಅನುಮಾನ.

ಚಂದ್ರಮೌಳಿ ಕಾಫಿ ಕೊಟ್ಟರು. ಎಲ್ಲ ಕೇಳಿಸಿಕೊಂಡರು. ಅಯ್ಯೋ ಪಾಪ ಎಂದರು.

"ಆದ್ರೆ ನೋಡಿ ಹಿಲ್ಡಾ ಅವ್ರೇ, ಅವಳು ಅಡುಗೆ ಮಾಡಿದ್ಲು ಅಂತ ನಾನು ಹೇಗೆ ಬರ್ಕೊಡ್ಲಿ?"

"ಮಾಡಿದ್ದು ಅವರೇ ಅಲ್ವಾ?"

"ಮಾಡಿದ್ದು ಬೇರೆ, ಬರ್ಕೊಡೋದು ಬೇರೆ. ಕೋರ್ಟ್ ಪೇಪರು ಅಂದ್ರೆ ಪಬ್ಲಿಕ್ಕು. ನಾಳೆ ಯಾರೋ ಇಂಟರ್ನೆಟ್ಟಲ್ಲಿ ಹಾಕ್ತಾರೆ. ಜನ ನನ್ ಹತ್ರ ತಿಥಿ ಅಡುಗೆ ಮಾಡಿಸ್ತಾರೆ ರೀ. ಪಿತೃಗಳಿಗೆ ಇಡೋ ಪಿಂಡ. ಅವ್ರ ಸೆಂಟಿಮೆಂಟ್ಸ್ ನಾನು ನೋಡ್ಬೇಕಲ್ವಾ? ನಂಗೆ ಪರ್ಸನಲೀ ಏನೂ ಇಲ್ಲ. ಜಾತಿಗೀತಿ ನಾನು ನಂಬಲ್ಲ. ನಂಬಿದ್ರೆ ಅವಳನ್ನ ಒಳಗೆ ಬಿಟ್ಕೊಳ್ತಿದ್ನಾ?"

"ಅವರ ಜೀವನದ ಪ್ರಶ್ನೆ ಸರ್. ಮಗಳನ್ನು ಕರೆಸಬೇಕು ಅಂತ ಉಂಟು ಅವರಿಗೆ."

"ಅದಕ್ಕೇ ಹೇಳ್ತಿರೋದು. ಹೆಲ್ಪ್ ಮಾಡಲ್ಲ ಅಂದ್ನಾ?"

ಕಂಪ್ಯೂಟರಿನ ಮುಂದೆ ಕೂತು ಹತ್ತು ನಿಮಿಷ ಟೈಪ್ ಮಾಡಿದರು. ಪ್ರಿಂಟ್ ತೆಗೆದು, ಸಹಿ ಹಾಕಿ, ಕವರಿನಲ್ಲಿಟ್ಟು ಕೊಟ್ಟರು. ನಾನು ಅಲ್ಲೇ ಓದಿದೆ. ಓದಿಯೂ ಥ್ಯಾಂಕ್ಸ್ ಹೇಳಿದೆ. ಇಲ್ಲದ ಪತ್ರಕ್ಕಿಂತ ಇಂಥ ಪತ್ರವಾದರೂ ಇರಲಿ ಎಂದುಕೊಂಡೆ. ನಾನು ಅಂಥವಳು.

ಬೆಟ್ಟಮ್ಮ ಬಸ್ ಸ್ಟಾಪಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಸೀರೆಯ ಮೇಲೆ ಗಂಡಸರ ಸ್ವೆಟರು, ಕಾಲಿಗೆ ಬೂಟು. ಸುಟ್ಟ ಕೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಕೊಟ್ರಾ?"

"ಕೊಟ್ಟರು."

"ಓದು."

"ಜಡ್ಜಿಗೆ ಬರೆದದ್ದು ಬೆಟ್ಟಮ್ಮ, ಇಂಗ್ಲಿಷಲ್ಲಿ ಉಂಟು..."

"ನೀ ಇರೋದ್ಯಾಕೆ? ಓದು."

ಓದಿದೆ. 'ಬೆಟ್ಟಮ್ಮ ಎಂಬಾಕೆಯನ್ನು ಪಾತ್ರೆ ತೊಳೆಯಲು ಮಾತ್ರ ನೇಮಿಸಿಕೊಳ್ಳಲಾಗಿದೆ. ಅಡುಗೆ ತಯಾರಿಸುವ ಜಾಗಕ್ಕೆ ಆಕೆಗೆ ಪ್ರವೇಶವಿಲ್ಲ. ಆ ದಿನ ತೊಳೆಯಲು ಹಾಕಿದ್ದ ಪಾತ್ರೆಗಳಲ್ಲಿ ಅಂಟಿದ್ದ ಪಾಯಸವನ್ನು ಆಕೆ ನಮ್ಮ ಅನುಮತಿ ಇಲ್ಲದೆ ತಿಂದಿರಬಹುದು. ಅದಕ್ಕೆ ನಾವು ಹೊಣೆಯಲ್ಲ.'

ಬಸ್ಸು ಬಂತು. ಬಾಗಿಲು ತೆರೆಯಿತು. ಬೆಟ್ಟಮ್ಮ ಏಳಲಿಲ್ಲ. ಬಸ್ಸು ಹೋಯಿತು.

"ನೆಕ್ಕದೆ ಅಂತ ಬರ್ದವ್ರಾ?"

"ತಿಂದಿರಬಹುದು ಅಂತ..."

"ಏಳೇ ಸರ್ಯಾಗಿ. ಎಂಜ್ಲು ನೆಕ್ಕದೆ. ಕದ್ದು ನೆಕ್ಕದೆ. ಅಂಗೇ ತಾನೆ?"

"ಹೌದು."

ಅವಳು ತನ್ನ ಕೈ ಮುಂದೆ ಚಾಚಿ ನೋಡಿಕೊಂಡಳು. "ಮೂರು ಸೇರು ಗಸಗಸೆ ಈ ಕೈಯಲ್ ರುಬ್ದೆ. ಸುಟ್ಟಿದ್ ಜಾಗದ್ ಒಸ ಚರ್ಮ ಕಿತ್ತು ನೀರ್ ಬತ್ತಿತ್ತು. ಬಟ್ಟೆ ಸುತ್ಕಂಡು ರುಬ್ದೆ. ಎಲ್ರೂ ಲೊಟ್ಟೆ ಒಡ್ಕಂಡ್ ಕುಡುದ್ರಲ್ಲ, ನೀನೂ ಕುಡ್ದೆ ಅಲ್ವಾ? ಬಾಗ್ಲ್ ಸಂದೀಲಿ ಕಂಡೆ."

"ಕುಡಿದೆ."

"ಚಂದಾಗಿತ್ತಾ?"

"ಚಂದ ಇತ್ತು."

"ಅಷ್ಟ್ ಏಳಕ್ಕೂ ಒಳೀಕ್ ಬರ್ನಿಲ್ಲ ನೀನು."

ನಾನು ನಿಘಂಟಿನ ವಿಷಯ, ಕಪ್ಪು ಕಾಳು ಬಿಳಿ ಕಾಳಿನ ವಿಷಯ, ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂದ್ರೆ ಏನವ್ವಾ ಓಗೋದು ನಿಮ್ ಓದ್ದೋರ್ಗೆ?" ಎಂದಳು. ಬೈದಿದ್ದರೆ ವಾಸಿಯಿತ್ತು.

ಕೋರ್ಟಿನ ದಿನ ಚಂದ್ರಮೌಳಿಯೇ ಬೆಟ್ಟಮ್ಮನನ್ನು ಕಾರಿನಲ್ಲಿ ಕರೆತಂದರು. ಕೋಟು ಹಾಕಿದ್ದರು. ಹಿಂದಿನ ಬೆಂಚಿನಲ್ಲಿ ಕೂತರು. ಪತ್ರ ಆಗಲೇ ಜಡ್ಜ್ ಮುಂದಿತ್ತು. ಟ್ರೇಸಿಯ ಕಾಗದವೂ ಇತ್ತು. ವಕೀಲರು ಬೆಟ್ಟಮ್ಮನ ಕಿವಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ಪತ್ರವನ್ನು ಒಪ್ಪಿಕೊಳ್ಳಿ, ಕಾಗದಕ್ಕೆ ಸಹಿ ಹಾಕಿ, ಕಾರ್ಯಕ್ರಮದಲ್ಲಿ ಉಳಿಯಿರಿ. ಇದು ಸುಲಭದ ದಾರಿ."

ಜಡ್ಜ್ ಕನ್ನಡಕ ತೆಗೆದು ಕೇಳಿದರು. ಸಹಿ ಹಾಕಲು ಸಿದ್ಧರಿದ್ದೀರಾ?

ಬೆಟ್ಟಮ್ಮ ಎದ್ದು ನಿಂತಳು. ಪೆನ್ನು ಮುಟ್ಟಲಿಲ್ಲ.

"ಸ್ವಾಮಿ, ಮುಲಾಮ್ ಕದ್ದೆ. ಕೈ ಸುಟ್ಟಿತ್ತು, ಕದ್ದೆ. ಅವತ್ತೇ ಒಪ್ಕಂಡೆ, ಇವತ್ತೂ ಒಪ್ಕತೀನಿ. ಅದ್ಕೆ ಏನ್ ಮಾಡ್ತೀರೋ ಮಾಡಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ನಾನು ಮುಲಾಮು ಕದ್ದೆ. ನನ್ನ ಕೈ ಸುಟ್ಟಿತ್ತು.

"ಅಫೀಮ್ ತಿಂದೆ ಅಂತ ಬರಿ ಅಂತವ್ರೆ. ಬರಿಯಕಿಲ್ಲ. ಎಂಜ್ಲು ನೆಕ್ಕದೆ ಅಂತ ಈ ಅಯ್ನೋರು ಬರ್ದವ್ರೆ. ಅದ್ನೂ ಒಪ್ಪಕಿಲ್ಲ. ಪಾಯ್ಸ ಮಾಡ್ದೋಳು ನಾನು. ಅವ್ರ್ ಮನೆ ಎಲ್ಲಾ ಅಡ್ಗೆ ಮಾಡೋಳು ನಾನು. ನೂರೆಂಬತ್ ಜನ ಜನ್ವಾರ ಆಕ್ಕಂಡ್ ಕೂತ್ಕಂಡು ನಾ ಮಾಡಿದ್ ಪಾಯ್ಸ ಕುಡುದ್ರು. ನನ್ ಉಚ್ಚೇಲಿ ಇರೋದು ಅವ್ರ್ ಉಚ್ಚೇಲೂ ಇತ್ತು. ಅವ್ರ್ನೂ ಕರ್ಸಿ. ಸಾಲಾಗ್ ನಿಲ್ಸಿ, ಪಂಚೆ ಎತ್ತಿಸಿ, ಲೋಟ ಇಡ್ಸಿ. ಆಮೇಲ್ ನಾ ಸಹಿ ಆಕ್ತೀನಿ."

ಒಂದೊಂದು ವಾಕ್ಯವನ್ನೂ ಹೇಳಿದೆ. ಅಡುಗೆ ಮಾಡಿದವಳು ನಾನು. ನನ್ನ ಮೂತ್ರದಲ್ಲಿದ್ದದ್ದು ಅವರ ಮೂತ್ರದಲ್ಲೂ ಇತ್ತು. ಅವರಿಗೂ ಲೋಟ ಹಿಡಿಸಿ. ಬೆಂಚುಗಳಲ್ಲಿ ಯಾರೋ ನಕ್ಕರು. ಹಿಂದೆ ಬೆಂಚು ಕಿರುಗುಟ್ಟಿದ ಸದ್ದು ಕೇಳಿತು. ನಾನು ತಿರುಗಿ ನೋಡಲಿಲ್ಲ.

ಅವಳ ಮಾತು ಮುಗಿಯಿತು. ಅಲ್ಲಿಗೆ ನನ್ನ ಬಾಯಿಯೂ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ತಪ್ಪು ಭಾಷಾಂತರ ಮಾಡಿದ್ದರೆ ಕೋರ್ಟಿಗೆ ತಿಳಿಸಬೇಕು ಎಂಬ ನಿಯಮವೂ ಇದೆ. ಆ ನಿಯಮ ಹಿಡಿದು ಕೈ ಎತ್ತಿದೆ. ನಾಲ್ಕನೇ ಪುಟವನ್ನು ನಾನು ತಪ್ಪಾಗಿ ಹೇಳಿದೆ, ಆ ಪದ ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ನಟಿಸಿದೆ 'ಮೈ ಲಾರ್ಡ್' ಎಂದೆ. ಇಲ್ಲಿ ಹಾಗೆ ಯಾರೂ ಕರೆಯುವುದಿಲ್ಲ. ಹೆದರಿಕೆಗೆ ಊರಿನ ಮಾತು ಬಂದಿತ್ತು. ನಂತರ ಇದನ್ನೂ ಹೇಳಿದೆ. ಆ ನೂರೆಂಬತ್ತು ಜನರಲ್ಲಿ ನಾನೂ ಒಬ್ಬಳು. ನನಗೆ ಯಾರೂ ಸೀರೆ ಎತ್ತಲು ಹೇಳಲಿಲ್ಲ.

ಜಡ್ಜ್ ಬಹಳ ಮರ್ಯಾದೆಯಿಂದ ಮಾತಾಡಿದರು. ಇದು ದುರದೃಷ್ಟಕರ ಎಂದರು. ನನ್ನ ಪ್ರಾಮಾಣಿಕತೆಗೆ ಧನ್ಯವಾದ ಎಂದರು, ಈ ಪ್ರಕರಣದಿಂದ ನನ್ನನ್ನು ಬಿಡಿಸಿದರು. ಕಾರ್ಯಕ್ರಮದ ನಿಯಮ ಕಾರ್ಯಕ್ರಮದ್ದು, ಲೋಟದಲ್ಲಿ ಸಿಕ್ಕಿದ್ದು ಸಿಕ್ಕಿದೆ, ಸಹಿ ಇಲ್ಲದೆ ಮುಂದುವರಿಸಲು ಬರುವುದಿಲ್ಲ ಎಂದರು. ಬೆಟ್ಟಮ್ಮನನ್ನು ಕಾರ್ಯಕ್ರಮದಿಂದ ತೆಗೆದರು. ಮುಲಾಮಿನ ಕೇಸು ಮತ್ತೆ ಎದ್ದಿತು. ಕದ್ದೆ ಎಂದು ಅವಳೇ ಹೇಳಿದ್ದಳು. ಇನ್ನು ಶಿಕ್ಷೆಯ ದಿನವೊಂದು ಬಾಕಿ.

ಎಲ್ಲ ಹನ್ನೊಂದು ನಿಮಿಷದಲ್ಲಿ ಮುಗಿಯಿತು. ಮುಂದಿನ ಹೆಸರು ಕರೆದರು.

ಹೊರಗಿನ ಓಣಿಯಲ್ಲಿ ಚಂದ್ರಮೌಳಿ ಕಾಯುತ್ತಿದ್ದರು. ಮುಖ ಕೆಂಪಾಗಿತ್ತು. ಕೂಗಾಡುತ್ತಾರೆ ಎಂದುಕೊಂಡೆ. ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಏನ್ ಬೆಟ್ಟಮ್ಮ ಇದೆಲ್ಲಾ? ಹೋಗ್ಲಿ ಬಿಡು. ಅಲ್ಲಿ ಕನ್ನಡದೋರು ಯಾರೂ ಇರ್ಲಿಲ್ಲ, ಪುಣ್ಯ. ಶನಿವಾರ ಅರವತ್ತು ಜನದ ಆರ್ಡರಿದೆ. ಬೆಳಿಗ್ಗೆ ಬಂದ್ಬಿಡು. ಮುಲಾಮು ತರಿಸಿಟ್ಟಿರ್ತೀನಿ."

ಬೆಟ್ಟಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಬತ್ತೀನಿ ಅಯ್ನೋರೆ. ಮುಂದ್ಗಡೆ ಬಾಗ್ಲಲ್ ಬತ್ತೀನಿ. ನಾನೇ ಬೇಯಿಸ್ತೀನಿ, ನಾನೇ ಬಡುಸ್ತೀನಿ. ಒಬ್ಬೊಬ್ರ ಎಲೆ ಮುಂದೂ ನಿಂತ್ಕಂಡು ಇದು ಬೆಟ್ಟಮ್ಮ ಮಾಡಿದ್ದು ಅಂತ ಏಳಿ ಬಡುಸ್ತೀನಿ. ಆಯ್ತದಾ?"

ಅವರು ಕಾರಿನ ಬೀಗದ ಕೈ ಹುಡುಕುತ್ತಾ ಮೆಟ್ಟಿಲಿಳಿದು ಹೋದರು.

ಟ್ರೇಸಿ ಬಂದಳು. ಬೆಟ್ಟಮ್ಮನ ಫೈಲು ಮುಚ್ಚಬೇಕು, ಕೊನೆಯದಾಗಿ ಒಂದು ಸಹಿ ಎಂದಳು. ಮೇಲಿದ್ದದ್ದು ಮೊದಲ ದಿನದ ಫಾರಂ. ನನ್ನದೇ ಅಕ್ಷರ. ಬೆಟ್ಟಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಸರಿಯಾದ ಜಾಗಕ್ಕೆ ಬೆರಳಿಟ್ಟಳು.

"ಇಲ್ಲೇ ಅಲ್ವಾ ಪಾತ್ರೆ ತೊಳಿಯೋಳು ಅಂತ ಬರ್ದಿದ್ದು? ಅದ್ನ ಒಡ್ದಾಕು."

ಈಗ ತಿದ್ದುವ ಅಗತ್ಯವಿಲ್ಲ, ಫೈಲು ಮುಚ್ಚುತ್ತಿದೆ ಎಂದಳು ಟ್ರೇಸಿ. ನಾನು ಈ ಕೇಸಿನಲ್ಲಿ ಈಗ ಯಾರೂ ಅಲ್ಲ ಎಂದೂ ನೆನಪಿಸಿದಳು.

"ಏನಂತಾಳೆ?"

"ಫೈಲು ಮುಚ್ಚುತ್ತದಂತೆ."

"ಮುಚ್ಚೋ ಮುಂಚೆ ಬರಿ."

ಟ್ರೇಸಿಯ ಕೈಯಿಂದ ಪೆನ್ನು ತೆಗೆದುಕೊಂಡೆ. ಹೊಡೆದುಹಾಕಿದೆ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ಅಡುಗೆಯವಳು' ಎಂದು ಇಂಗ್ಲಿಷಿನಲ್ಲಿ ಬರೆದೆ.

ಬೆಟ್ಟಮ್ಮ ಬಗ್ಗಿ ನೋಡಿದಳು.

"ಯಾರ್ ಮನೇಲಿ ಅಂತಾನೂ ಬರಿ" ಎಂದಳು.

ಬರೆದೆ.